ಲಕ್ವ ಹೊಡೆದವರ ಮನಸ್ಸನ್ನು ವಿಚಾರಿಸುವುದು ಯಾರ ಕೆಲಸ?

ಪಾರ್ಶ್ವವಾಯುವಾಗಿ ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಅವರ ರಕ್ತದೊತ್ತಡ, ಸಕ್ಕರೆಯ ಪ್ರಮಾಣ, ದಿನಕ್ಕೆ ನಡೆದ ಹೆಜ್ಜೆಗಳ ಲೆಕ್ಕ ಎಲ್ಲವನ್ನೂ ನಾವು ಒಂದು ನೋಟ್‌ಬುಕ್ಕಿನಲ್ಲಿ ತಪ್ಪದೆ ಬರೆದಿಡುತ್ತಿದ್ದೆವು. ಎರಡನೆಯ ತಿಂಗಳಿನಿಂದ ಹೆಜ್ಜೆಗಳು ಕಡಿಮೆಯಾಗತೊಡಗಿದಾಗ, ವ್ಯಾಯಾಮ ಮಾಡಿಸಲು ಬರುತ್ತಿದ್ದವರು ‘ಇವರಿಗೆ ಮನಸ್ಸೇ ಇಲ್ಲ’ ಎಂದರು. ನಾವು ಅದನ್ನು ಹಟವೆಂದು ತಿಳಿದು ಗದರಿದೆವು. ಆ ಮನಸ್ಸಿಲ್ಲದಿರುವುದೇ ಖಿನ್ನತೆಯ ಲಕ್ಷಣವಾಗಿತ್ತೆಂದು ಗೊತ್ತಾಗುವಷ್ಟರಲ್ಲಿ ಇನ್ನೂ ನಾಲ್ಕು ತಿಂಗಳು ಕಳೆದುಹೋಗಿದ್ದವು.

ಪಾರ್ಶ್ವವಾಯುವಿಗೆ ತುತ್ತಾದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಕೈಕಾಲು ಸ್ವಾಧೀನ ತಪ್ಪಿದವರು ಕೊರಗುವುದು ಸಹಜವಲ್ಲವೇ ಎಂದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನವೇ ಅದನ್ನು ಮರೆಮಾಡುತ್ತದೆ. ಕೊರಗು ಸಹಜವಿರಬಹುದು, ಆದರೆ ಖಿನ್ನತೆ ಹಿಡಿದವರ ಚೇತರಿಕೆ ನಿಧಾನವಾಗುತ್ತದೆ, ಅವರಲ್ಲಿ ಸಾವಿನ ಅಪಾಯವೂ ಹೆಚ್ಚಿರುತ್ತದೆ.

ಪತ್ತೆಹಚ್ಚುವ ಸಾಧನಗಳಿಗೇನೂ ಕೊರತೆಯಿಲ್ಲ. ‘ಪಿಎಚ್‌ಕ್ಯೂ-9’ ಎಂಬ ಪ್ರಶ್ನಾವಳಿ ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳನ್ನು ಕೇಳುತ್ತದೆ. 27ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ವೈದ್ಯರು ವಿವರವಾಗಿ ಪರಿಶೀಲಿಸಬೇಕು. ನಿದ್ದೆಗೇಡು, ಆಯಾಸ, ಹಸಿವಿಲ್ಲದಿರುವುದು ಪಾರ್ಶ್ವವಾಯುವಿನಿಂದಲೇ ಬಂದಿರಲೂಬಹುದಾದ್ದರಿಂದ, ಅಂಕವನ್ನೇ ರೋಗನಿರ್ಣಯವೆಂದು ತಿಳಿಯಬಾರದು.

ಅಪ್ಪನ ವಿಷಯದಲ್ಲಿ ತೊಡಕು ಬೇರೆಯೇ ಇತ್ತು: ಅಫೇಸಿಯ, ಅಂದರೆ ಮಿದುಳಿಗೆ ಪೆಟ್ಟಾಗಿ ಮಾತಿನ ಶಕ್ತಿ ಕುಂದುವ ತೊಂದರೆಯಿಂದಾಗಿ ಅವರ ಮಾತು ಅರ್ಧಕ್ಕರ್ಧ ಹೋಗಿತ್ತು. ಉತ್ತರಿಸಲಾಗದವರನ್ನು ಏನು ಕೇಳುವುದೆಂದು ಎಲ್ಲರೂ ಸುಮ್ಮನಾದರು. ಇಂಥವರಿಗಾಗಿಯೇ ‘ಎಸ್‌ಎಡಿಕ್ಯೂ-10’ ಎಂಬ ಪಟ್ಟಿಯಿದೆ. ಅದರ ಪ್ರಶ್ನೆಗಳು ರೋಗಿಗಲ್ಲ, ಆರೈಕೆ ಮಾಡುವವರಿಗೆ. ಅಳುತ್ತಾರೆಯೇ, ಮಾತನಾಡಿಸಿದರೆ ಕಣ್ಣು ತಪ್ಪಿಸುತ್ತಾರೆಯೇ, ರಾತ್ರಿ ಚಡಪಡಿಸುತ್ತಾರೆಯೇ, ಏನೂ ಮಾಡದೆ ಕೂತಿರುತ್ತಾರೆಯೇ? ಇವೆಲ್ಲಕ್ಕೂ ನಮ್ಮ ಬಳಿ ಉತ್ತರವಿತ್ತು, ನಮ್ಮನ್ನು ಯಾರೂ ಕೇಳಲಿಲ್ಲ.

ಕೇಳುವ ಗೋಜೇಕೆ, ಎಲ್ಲರಿಗೂ ಮೊದಲೇ ಖಿನ್ನತೆಯ ಮಾತ್ರೆ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. 3,000ಕ್ಕೂ ಹೆಚ್ಚು ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು, 2018ರಲ್ಲಿ ಪ್ರಕಟವಾದ ‘ಫೋಕಸ್’ ಪ್ರಯೋಗದಲ್ಲಿ ಆರು ತಿಂಗಳು ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ನೋಡಿದರು. ಹೊಸದಾಗಿ ಖಿನ್ನತೆ ಬರುವುದು ಸ್ವಲ್ಪ ತಗ್ಗಿತು, ಆದರೆ ಮೂಳೆ ಮುರಿತ ಹೆಚ್ಚಾಯಿತು, ದೈನಂದಿನ ಚಟುವಟಿಕೆಯ ಶಕ್ತಿಯೇನೂ ಸುಧಾರಿಸಲಿಲ್ಲ. ಖಿನ್ನತೆ ಇರುವವರಿಗೆ ಔಷಧಿ, ಆಪ್ತಸಮಾಲೋಚನೆ ಎರಡೂ ಬೇಕಾಗಬಹುದು. ಆದರೆ ಅವರು ಯಾರೆಂದು ತಿಳಿಯಲು ಕೇಳಲೇಬೇಕು.

ಅದೂ ಡಿಸ್ಚಾರ್ಜ್ ದಿನ ಒಮ್ಮೆ ಕೇಳಿ ಕೈತೊಳೆದುಕೊಂಡರೆ ಸಾಲದು. ಅಪ್ಪನನ್ನು ಅಂದು ಕೇಳಿದ್ದರೆ ಏನೂ ಸಿಗುತ್ತಿರಲಿಲ್ಲ; ಮನೆಗೆ ಹೋಗುವ ಸಂತೋಷದಲ್ಲಿದ್ದರು. ಮೊದಲ ವರ್ಷವಿಡೀ, ಪ್ರತಿ ಭೇಟಿಯಲ್ಲೂ ಕೇಳಬೇಕು. ಪಿಎಚ್‌ಕ್ಯೂವಿನ ಒಂಬತ್ತನೆಯ ಪ್ರಶ್ನೆ ಬದುಕುವುದೇ ಬೇಡವೆನಿಸುವ ಯೋಚನೆಯ ಕುರಿತದ್ದು. ಅದಕ್ಕೆ ‘ಹೌದು’ ಎಂದವರನ್ನು ಅದೇ ದಿನ ಯಾರ ಬಳಿಗೆ ಕಳುಹಿಸಬೇಕೆಂಬುದು, ಪ್ರಶ್ನೆ ಕೇಳುವ ನರ್ಸ್‌ಗೆ ಮೊದಲೇ ಗೊತ್ತಿರಬೇಕು.