ಸತ್ಯಾಂಶ: ಹಾಲಿನ ಪುಡಿ ಗಂಟು ಕಟ್ಟಿದರೆ ಕಲಬೆರಕೆಯೇ?

ಹಾಲಿನ ಪುಡಿಯಲ್ಲಿ ಗಂಟು ಕಂಡರೆ ಪ್ಲಾಸ್ಟಿಕ್ ಅಂಟು ಬೆರೆಸಿದ್ದಾರೆ, ಶುದ್ಧ ಪುಡಿ ಗಂಟು ಕಟ್ಟುವುದೇ ಇಲ್ಲ ಎನ್ನುವ ಫಾರ್ವರ್ಡ್ ಸುತ್ತುತ್ತಿದೆ. ಇದು ತಪ್ಪು. ಅಪ್ಪಟ ಹಾಲಿನ ಪುಡಿಯೂ ಗಂಟು ಕಟ್ಟುತ್ತದೆ.

ಹಾಲನ್ನು ಮೊದಲು ಗಟ್ಟಿ ಮಾಡಿ, ಬಿಸಿ ಗಾಳಿಯೊಳಗೆ ಸಣ್ಣ ಹನಿಗಳಾಗಿ ಸಿಂಪಡಿಸುತ್ತಾರೆ. ಹನಿ ಕೆಲವೇ ಸೆಕೆಂಡುಗಳಲ್ಲಿ ಒಣಗುತ್ತದೆ. ಅದರಲ್ಲಿರುವ ಸಕ್ಕರೆಗೆ, ಅಂದರೆ ಲ್ಯಾಕ್ಟೋಸ್‌ಗೆ, ಹರಳಾಗಲು ಟೈಮೇ ಸಿಗುವುದಿಲ್ಲ. ಗಾಜಿನ ಹಾಗೆ ಗಟ್ಟಿಯಾಗಿಬಿಡುತ್ತದೆ. ಪೂರ್ತಿ ಒಣಗಿದ್ದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ಮೆತ್ತಗಾಗದು. ತೇವ ಹೀರಿಕೊಂಡಿತೋ, ಕೋಣೆಯ ಬಿಸಿಗೇ ಮೆತ್ತಗಾಗಿ ಅಂಟುತ್ತದೆ. ಒಂದು ಒದ್ದೆ ಚಮಚ ಸಾಕು, ಅಲ್ವಾ?

ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಅಂಥ ಗಂಟನ್ನು ನೋಡಿದರೆ ಕಣಗಳ ನಡುವೆ ಪುಟ್ಟ ಸೇತುವೆಗಳು ಕಾಣುತ್ತವೆ. ಎಕ್ಸ್‌ರೇ ಹಾಯಿಸಿ ಕಣದ ಮೇಲಿನ ಸುಮಾರು 10 ನ್ಯಾನೊಮೀಟರ್ ಪದರವನ್ನಷ್ಟೇ ಪರೀಕ್ಷಿಸುವ ವಿಧಾನವೂ ಇದೆ. ಅದರಿಂದ ತಿಳಿದದ್ದು ನನಗಂತೂ ಮಜವೆನಿಸಿತು. ಕೆನೆ ತೆಗೆಯದ ಹಾಲಿನ ಪುಡಿಯಲ್ಲಿ ಕೊಬ್ಬಿರುವುದು ಕಾಲು ಭಾಗದಷ್ಟು. ಆದರೆ ಕಣದ ಹೊರಮೈಯನ್ನು ಬಹುಪಾಲು ಅದೇ ಮುಚ್ಚಿರುತ್ತದೆ! ಸೆಕೆಗೆ ಈ ಕೊಬ್ಬು ಕರಗುತ್ತದೆ, ತಣ್ಣಗಾದಾಗ ಗಟ್ಟಿಯಾಗಿ ಕಣಗಳನ್ನು ಬೆಸೆಯುತ್ತದೆ.

ಬಣ್ಣ ತಿರುಗಿದ್ದರೆ, ಮುಗ್ಗಲು ವಾಸನೆ ಬಂದರೆ ಪುಡಿಯನ್ನು ಬಿಸಾಡಿ. ಬರೀ ಗಂಟು ನೋಡಿ ಸುಮ್ನೆ ಹೆದರಬೇಡಿ. ಕಲಬೆರಕೆ ಇದೆಯೋ ಇಲ್ಲವೋ ಅಂತ ಲ್ಯಾಬ್ ಪರೀಕ್ಷೆಯೇ ಹೇಳಬೇಕು. ಅಂದಹಾಗೆ, ಕೆಲವು ಪುಡಿಗಳು ಉದುರುದುರಾಗಿರಲಿ ಅಂತಲೇ ಸಿಲಿಕಾನ್ ಡೈಆಕ್ಸೈಡ್ ಸೇರಿಸುತ್ತಾರೆ.