ಹಾಸ್ಯಗಾರನ ಸಮಯಕ್ಕೇ ಯಾಕೆ ಮೊದಲ ಕತ್ತರಿ?

ಯಕ್ಷಗಾನ ಕಾಲಮಿತಿಗೆ ಬಂದ ಮೇಲೆ ಹೆಚ್ಚು ಪೆಟ್ಟು ತಿಂದವನು ಹಾಸ್ಯಗಾರ. ಬೆಳಗಿನವರೆಗೆ ನಡೆಯುತ್ತಿದ್ದ ಪ್ರಸಂಗವನ್ನು, ಅಂದರೆ ಆಡುವ ಕಥೆಯನ್ನು, ಐದು ಗಂಟೆಯ ಅವಧಿಗೆ ಇಳಿಸುವಾಗ ಯುದ್ಧ ಉಳಿಯುತ್ತದೆ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಒಡ್ಡೋಲಗ, ಅಂದರೆ ಅಬ್ಬರದ ಪ್ರವೇಶ, ಉಳಿಯುತ್ತದೆ. ಹಾಸ್ಯಗಾರ ಮಾಡುವ ದೂತನ ಪಾತ್ರಕ್ಕೆ ಮಾತ್ರ ‘ಹತ್ತೇ ನಿಮಿಷ, ಬೇಗ ಮುಗಿಸಿ’ ಎಂಬ ಸೂಚನೆ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ಬರುತ್ತದೆ. ಹಾಸ್ಯವೆಂದರೆ ನಡುವಿನ ಬಿಡುವು ಎಂದುಕೊಂಡವರು ಕೊಡುವ ಸೂಚನೆ ಇದು.

ಒಂದು ದೂತನ ಪ್ರವೇಶದಲ್ಲಿ ಎಷ್ಟು ಕೆಲಸ ಇದೆ ನೋಡಿ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಮಾತೆಲ್ಲ ರಂಗದಲ್ಲೇ ಹುಟ್ಟಬೇಕು. ಹಾಗಾಗಿ ಬಣ್ಣ ಹಚ್ಚುವ ಹೊತ್ತಿಗೇ, ಪದ್ಯ ಹಾಡಿ ಆಟ ನಡೆಸುವ ಭಾಗವತರ ಜೊತೆ ಮೂರು ಸಂಗತಿ ಇತ್ಯರ್ಥ ಆಗಬೇಕು: ಯಾವ ಪದ್ಯ ಹಾಡುವುದು, ಯಾವುದನ್ನು ಬಿಡುವುದು, ಯಾವ ಮಾತು ಬಂದಾಗ ಮುಂದಿನ ಪದ್ಯ ಎತ್ತುವುದು. ಮೂರನೆಯದು ಮಾತಾಡಿಕೊಳ್ಳದೆ ಹೋದರೆ ನಗು ಬರುವ ಮಾತಿನ ಮೇಲೆಯೇ ಚೆಂಡೆ ಬೀಳುತ್ತದೆ. ರಾಜ ‘ಯಾರಲ್ಲಿ?’ ಎಂದು ಕೂಗಿದ ಕೂಡಲೇ ಓಡಿ ಬರಬಾರದು. ತಡವಾಗಿ ಬರಬೇಕು, ಆದರೆ ಲಯ ಸಡಿಲ ಆಗುವಷ್ಟಲ್ಲ. ಬಾಯಿ ತೆರೆಯುವ ಮೊದಲೇ ದೂತನ ವಯಸ್ಸು, ಸೋಮಾರಿತನ, ಒಡೆಯನ ಮೇಲಿನ ಹೆದರಿಕೆ ನಡಿಗೆಯಲ್ಲಿ ಕಾಣಬೇಕು. ಆಮೇಲೆ ಭಾಗವತರ ಪ್ರಶ್ನೆ. ಅವರು ಮುಗ್ಧವಾಗಿ ಕೇಳಿದರೆ ಹಾಸ್ಯ ಏಳುತ್ತದೆ, ಅವರೇ ಚಟಾಕಿ ಹಾರಿಸತೊಡಗಿದರೆ ಎರಡೂ ಬಿದ್ದುಹೋಗುತ್ತವೆ. ಜನ ನಗುವಾಗ ಮುಂದಿನ ಮಾತು ಆಡಬಾರದು. ನಗು ಏರಿ ಅರ್ಧ ಇಳಿಯುವ ಹೊತ್ತಿಗೆ ಆಡಬೇಕು. ಪೂರ್ತಿ ತಣ್ಣಗಾಗಲು ಬಿಟ್ಟರೆ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಈ ಏರಿಳಿತ ಹತ್ತು ನಿಮಿಷದಲ್ಲಿ ಹಿಡಿಸುವುದಿಲ್ಲ.

ಸಮಯ ಸಿಗದಾಗ ಕಲಾವಿದರು ಹಿಡಿಯುವ ಅಡ್ಡದಾರಿ ಮೊಬೈಲು, ರಾಜಕಾರಣಿ, ಸಿನಿಮಾ ಡೈಲಾಗು. ಚಪ್ಪಾಳೆ ತಕ್ಷಣ ಬರುತ್ತದೆ, ಸಂಶಯವಿಲ್ಲ. ಆದರೆ ಎದುರಿಗೆ ನಿಂತ ಕಂಸನೋ ಕೌರವನೋ ಅದಕ್ಕೆ ಏನು ಉತ್ತರ ಕೊಡಬೇಕು? ಗ್ರಾಂಥಿಕ ಕನ್ನಡದಲ್ಲಿ ಅರ್ಥ (ಪದ್ಯದ ಮೇಲೆ ಆಡುವ ಮಾತು) ಹೇಳುತ್ತಾ ಕಟ್ಟಿದ ಲೋಕ ಅಲ್ಲಿಗೆ ಒಡೆಯುತ್ತದೆ, ಅವನು ಮತ್ತೆ ವೀರರಸಕ್ಕೆ ಏರಲು ಒದ್ದಾಡಬೇಕಾಗುತ್ತದೆ. ಹಾಸ್ಯಗಾರನಿಗೆ ಆಡುಮಾತಿನ ಸ್ವಾತಂತ್ರ್ಯ ಇರುವುದು ನಿಜ. ಕುಂದಾಪ್ರ ಕನ್ನಡ, ಹವ್ಯಕ, ತುಳು ಎಲ್ಲವೂ ರಂಗಕ್ಕೆ ಬಂದದ್ದು ಅವನ ಬಾಯಿಂದಲೇ. ಹಾಸ್ಯಗಾರ ಮಿಜಾರು ಅಣ್ಣಪ್ಪನವರು ತುಳು ಪ್ರಸಂಗಗಳಲ್ಲಿ ಅದರ ಬಲವನ್ನು ತೋರಿಸಿಕೊಟ್ಟರು. ಆಡುಮಾತು ಪಾತ್ರದ ಮಾತಾಗಿರಬೇಕು, ಅಷ್ಟೇ.

ಬಾಹುಕನ ವಿಷಯಕ್ಕೆ ಬರೋಣ, ನನ್ನ ಪ್ರಕಾರ ಹಾಸ್ಯಗಾರನ ನಿಜವಾದ ಪರೀಕ್ಷೆ ಅದೇ. ಕಾರ್ಕೋಟಕ ಕಚ್ಚಿ ರೂಪ ಕಳೆದುಕೊಂಡ ನಳ, ಋತುಪರ್ಣನ ಬಳಿ ಚಾಕರಿಗೆ ನಿಂತಿದ್ದಾನೆ. ಗೂನು ಬೆನ್ನು, ಮೋಟು ಕೈಯಲ್ಲಿ ಕುಣಿಯುವಾಗ ಜನ ನಗುತ್ತಾರೆ. ದಮಯಂತಿಗೆ ಮತ್ತೆ ಸ್ವಯಂವರ ಎಂಬ ಸುದ್ದಿ ಬಂದಾಗ ಅದೇ ಗೂನು ಬೆನ್ನಿನಲ್ಲಿ ಚಕ್ರವರ್ತಿ ಒಂದು ಕ್ಷಣ ಕಾಣಿಸಬೇಕು. ಮರುಕ್ಷಣ ಚಾಕರಿಯವನಾಗಿ ಕುಗ್ಗಬೇಕು. ಮೊದಲು ಸಾಕಷ್ಟು ನಗಿಸದಿದ್ದರೆ ಆ ಮೌನಕ್ಕೆ ತೂಕ ಬರುವುದಿಲ್ಲ, ಅತಿಯಾಗಿ ನಗಿಸಿದ್ದರೆ ಜನ ಅಲ್ಲೂ ನಗುತ್ತಾರೆ. ಪಾಪಣ್ಣ ಎಂಬ ಪಾತ್ರಕ್ಕೆ ಹೆಸರಾದ ಹಾಸ್ಯಗಾರ ಪೆರುವಡಿ ನಾರಾಯಣ ಭಟ್ಟರಂಥವರನ್ನು ಹಿರಿಯ ಪ್ರೇಕ್ಷಕರು ಇಂದಿಗೂ ನೆನೆಯುವುದು ಈ ಹದಕ್ಕಾಗಿ.

ಈ ಹದವನ್ನು ಮೇಳದ ತಿರುಗಾಟ ಪೂರ್ತಿ, ದೀಪಾವಳಿ ಕಳೆದು ಹೊರಟಲ್ಲಿಂದ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ, ಹೆಚ್ಚುಕಡಿಮೆ ಆರು ತಿಂಗಳು ಕಾಪಾಡಬೇಕು. ಹಗಲು ಸೆಕೆಯಲ್ಲಿ ಅರೆಬರೆ ನಿದ್ದೆ, ಸಂಜೆಗೆ ಬೇರೊಂದು ಊರು. ಸ್ವರ ಬದಲಿಸಿ ಬದಲಿಸಿ ಮಾತಾಡುವುದರಿಂದ ಗಂಟಲು ಸೋಲುತ್ತದೆ, ಬಾಗಿ ಕುಣಿಯುವುದರಿಂದ ಸೊಂಟ ಹಿಡಿಯುತ್ತದೆ. ಮಳೆಗಾಲದಲ್ಲಿ ಚಿಕ್ಕಮೇಳ (ಸಣ್ಣ ತಂಡ) ಕಟ್ಟಿ ಮನೆಮನೆಗೆ ಹೋಗುವವರಿದ್ದಾರೆ. ತಾಳಮದ್ದಳೆಗೆ ಹಾಸ್ಯಗಾರನಿಗೆ ಕರೆ ಕಡಿಮೆ. ಮೈಯ ಚಲನೆಯೇ ಬಂಡವಾಳ ಆದವನಿಗೆ ಕೂತಲ್ಲೇ ಮಾತಾಡುವ ಕೂಟದಲ್ಲಿ ಜಾಗ ಚಿಕ್ಕದು.

ಆಟ ಆಡಿಸುವವರಲ್ಲಿ ಒಂದು ಕೋರಿಕೆ. ನಡುವೆ ಆಟ ನಿಲ್ಲಿಸಿ ಮಾಡುವ ಸನ್ಮಾನ, ಭಾಷಣಗಳನ್ನು ಆಟಕ್ಕೆ ಮುನ್ನ ನಡೆಯುವ ಚೌಕಿ ಪೂಜೆಗಿಂತ ಮೊದಲೇ ಮುಗಿಸಿಬಿಡಿ. ದೂತನಿಗೆ ಇಪ್ಪತ್ತು ನಿಮಿಷ, ಬಾಹುಕನಿಗೆ ಮುಕ್ಕಾಲು ಗಂಟೆ ಅಲ್ಲೇ ಸಿಗುತ್ತದೆ. ಯುದ್ಧದ ಒಂದು ಸುತ್ತು ಧೀಂಗಣವನ್ನೂ (ಹಾರಿ ಸುತ್ತುವ ಕುಣಿತ) ಕಡಿಮೆ ಮಾಡಬೇಕಿಲ್ಲ.