ಮೂರಿಂಚು ಇದ್ದರಷ್ಟೇ ಕೆಸರು

ಭೀಮಾ ನದಿಯ ನೆರೆ ಇಳಿಯಿತು. ಸಮೀಕ್ಷೆ ಮಾತ್ರ ಇನ್ನೂ ಹೆಲಿಕಾಪ್ಟರಿನಿಂದ ಇಳಿದಿಲ್ಲ.

ಪೇಪರಿನಲ್ಲಿ ನೋಡಿರ್ತೀರಿ, 'ಜಂಟಿ ಸಮೀಕ್ಷೆ ಮುಗಿದ ಕೂಡಲೇ ಪರಿಹಾರ'. ಅಲ್ಲಿಯವರೆಗೆ ಕಲಬುರಗಿ ಜಿಲ್ಲೆಯ ಅಫಜಲಪುರ ಕಡೆಯ ನಮ್ಮ ಕಾಕಿ, ಅಂದ್ರೆ ಚಿಕ್ಕಮ್ಮ, ತನ್ನ ಮನೆ ತೊಳೆಯುವಂತಿಲ್ಲ. ತೊಳೆದರೆ ಹಾನಿ ಕಾಣೋದಿಲ್ಲ, ಹಾನಿ ಕಾಣದಿದ್ದರೆ ಫೋಟೋ ಇಲ್ಲ, ಫೋಟೋ ಇಲ್ಲದಿದ್ದರೆ ಹೊಳೆ ಬಂದೇ ಇಲ್ಲ. "ಸಾಹೇಬ್ರು ಬರೂತನ ಏನೂ ಮುಟ್ಟಬ್ಯಾಡ ಅಂದಾರ ತಮ್ಮಾ" ಅಂದಳು ಫೋನಿನಲ್ಲಿ. ಕೊಲೆಯಾದ ಮನೆಗೂ ಪಂಚನಾಮೆ ಆಗೋತನಕ ಹೀಗೇ ಹೇಳ್ತಾರೆ. ಆದರೆ ಅಲ್ಲಿಗೆ ಪೊಲೀಸರು ಅದೇ ದಿನ ಬರ್ತಾರೆ.

ಎರೆ ಮಣ್ಣಿನ ಕೆಸರು ನೋಡಿದವರಿಗೆ ಗೊತ್ತು, ಅದನ್ನು ಹಸಿ ಇದ್ದಾಗಲೇ ಎಳೆದು ಹಾಕಬೇಕು. ಒಣಗಿತೋ, ಸಲಿಕೆ ಬಿಟ್ಟು ಹಾರೆ ತರಬೇಕು. ಕಾಕಿ ಮನೆಯ ನೆಲಕ್ಕೆ ಹಾಕಿದ್ದು ಶಹಾಬಾದ್ ಪರಸಿ ಕಲ್ಲು. ಮೇಲಿನ ಕೆಸರು ಬಳಿದರೂ ಸಂದಿಗೆ ಹೊಕ್ಕಿದ್ದು ಬರೋದಿಲ್ಲ, ಕಾಲಿಟ್ಟರೆ ಕಲ್ಲಿನ ಕೆಳಗಿಂದ ಪಚಕ್ಕನೆ ಕರಿ ನೀರು ಚಿಮ್ಮುತ್ತೆ. ಮೂಲೆಯಲ್ಲಿದ್ದ ಜೋಳದ ಚೀಲ ಮೊಳಕೆ ಒಡೆದು ಹೊಲಿಗೆ ಸಂದಿಯಿಂದ ಬಿಳಿ ಬೇರು ಹೊರಗೆ ಚಾಚಿತ್ತು. ಹೊಲದಲ್ಲಿ ತೊಗರಿ ಕೊಳೀತು, ಮನೆಯಲ್ಲಿ ಜೋಳ ಬೆಳೀತು. ಬಿತ್ತನೆ ಲೆಕ್ಕಕ್ಕೆ ಬೇಕಾದ್ರೆ ಇದನ್ನೂ ಸೇರಿಸಿಕೊಳ್ಳಲಿ.

ವಿಪತ್ತು ಪರಿಹಾರದ ನಿಯಮ ಬರೆದವರಿಗೆ ಮಾತ್ರ ಕೈ ಮುಗಿಯಬೇಕು. 2025ರಲ್ಲಿದ್ದ ನಿಯಮದ ಪ್ರಕಾರ ಹೊಲದ ಹೂಳು ತೆಗೆಯೋಕೆ ಹೆಕ್ಟೇರಿಗೆ 18,000 ರೂಪಾಯಿ. ಆದರೆ ಹೂಳು 3 ಇಂಚಿಗಿಂತ ದಪ್ಪ ಇರಬೇಕು. ಎರಡೂವರೆ ಇಂಚು ಬಂತಾ? ಅದು ಹೂಳಲ್ಲ, ಧೂಳು. ಮನೆ ಕಡಿಮೆ ಅಂದ್ರೂ ಶೇ. 15ರಷ್ಟು ಹಾಳಾಗಿರಬೇಕು, ಆಗ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಶೇ. 14ಕ್ಕೇ ನಿಂತುಬಿಟ್ಟ ಗೋಡೆಯ ಯಜಮಾನ ಏನು ಮಾಡಬೇಕು, ರಾತ್ರಿ ಎದ್ದು ಒಂದು ಒದೆ ಕೊಡಬೇಕಾ? ಇನ್ನು ಬಟ್ಟೆಗೆ 2,500, ಪಾತ್ರೆಗೆ 2,500. ಅದು ಸಿಗಬೇಕಾದ್ರೆ ಮನೆ ಕೊಚ್ಚಿ ಹೋಗಿರಬೇಕು, ಬಿದ್ದಿರಬೇಕು, ಇಲ್ಲಾ ನೀರು ಎರಡು ದಿನಕ್ಕಿಂತ ಜಾಸ್ತಿ ನಿಂತಿರಬೇಕು. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಭೀಮಾಕ್ಕೆ ನೀರು ಬಿಡುವವರು ದಯವಿಟ್ಟು ಇದನ್ನು ನೆನಪಿಡಿ. ಸುಮ್ನೆ ಒಂದೂವರೆ ದಿನ ಬಂದು ಹೋದರೆ ನಮ್ಮ ಹೆಣ್ಮಕ್ಕಳಿಗೆ ಒಂದು ಪಾತೇಲಿ ಕೂಡ ದಕ್ಕೋದಿಲ್ಲ.

ಹಾಂ, ಒಂದು ಸುಧಾರಣೆ ಆಗಿದೆ. ಮೊದಲು ಗಂಜಿ ಕೇಂದ್ರ ಅಂತಿದ್ದರು, ಈಗ ಕಾಳಜಿ ಕೇಂದ್ರ. ಬೋರ್ಡಿನಿಂದ ಗಂಜಿ ಹೋಯ್ತು, ಕಾಳಜಿ ಬಂತು. ಒಳಗೆ ಅದೇ ಅನ್ನ, ಅದೇ ಸಾರು.

ಕೊನೆಗೆ ಸಮೀಕ್ಷೆಗೆ ಅಂತ ಒಬ್ಬ ಹುಡುಗ ಕಾಕಿ ಮನೆಗೆ ಬಂದನಂತೆ. ಹೊಸ್ತಿಲಲ್ಲೇ ನಿಂತು ಮೊಬೈಲ್ ಮೇಲೆತ್ತಿ ನೆಟ್‌ವರ್ಕ್ ಹುಡುಕಿದ, ಸಿಗಲಿಲ್ಲ, ನಾಳೆ ಬರ್ತೀನಿ ಅಂದ. ಅವನನ್ನು ಬೈದು ಏನು ಬಂತು, ಒಂದು ಬೈಕು, ಹತ್ತಾರು ಊರು.

ಇಷ್ಟು ಬರೆಯೋ ಹೊತ್ತಿಗೆ ನಗುವೂ ಬರ್ತಿಲ್ಲ. 2020ರ ಅಕ್ಟೋಬರಿನಲ್ಲೂ ಇದೇ ಭೀಮಾ ಇದೇ ಮನೆಗೆ ಬಂದಿತ್ತು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ನಡುವೆ ಐದು ವರ್ಷ ಇತ್ತು ಕಣ್ರೀ. ಹೊಳೆ ದಂಡೆಯ ಊರಿಗೆ ಒಂದು ಪಂಪು, ನಾಲ್ಕು ಸಲಿಕೆ, ತೊಳೆಯೋಕೆ ಒಂದು ಟ್ಯಾಂಕರ್ ನೀರು, ಇಷ್ಟು ಇಡೋಕಾಗಲಿಲ್ಲ. ಅರವತ್ತು ದಾಟಿದ ಹೆಂಗಸು ಬಗ್ಗಿ ಬಗ್ಗಿ ಬಕೆಟಿನಲ್ಲಿ ಕೆಸರು ಹೊರ್ತಾಳೆ, ನೀವು ಅದು ಎಷ್ಟು ಇಂಚು ಅಂತ ಕೇಳ್ತೀರಿ.

ಹೌದು, ಕಾಕಿ ಕಾಯಲಿಲ್ಲ. ನಾಲ್ಕನೇ ದಿನಕ್ಕೇ ಮನೆಯೆಲ್ಲಾ ಬಳಿದು ತೊಳೆದಳು. ಸಾಹೇಬರಿಗೆ ತೋರಿಸೋಕೆ ಅಂತ ಬಾಗಿಲ ಹಿಂದಿನ ಒಂದು ಮೂಲೆ ಮಾತ್ರ ಹಾಗೇ ಬಿಟ್ಟಿದ್ದಾಳೆ. ಅದು ಒಣಗಬಾರದು ಅಂತ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕ್ತಾಳೆ.